ಶಟರ್ ಎತ್ತುವವರ ತಲೆ

ಪ್ಯಾಟಿಯ ಬಾಗಿಲು ಎತ್ತುವವರು ಯಾರು ಎಂದು ಕೇಳಿದರೆ ಎಲ್ಲರೂ ಸಾವಕಾರರ ಹೆಸರು ಹೇಳುತ್ತಾರೆ. ಸುಳ್ಳಲ್ಲ. ಬೆಳಿಗ್ಗೆ ಬಂದು, ಹೊಸ್ತಿಲಿಗೆ ನೀರು ಹಾಕಿ, ಊದಿನಕಡ್ಡಿ ಬೆಳಗಿ, ಕೀಲಿ ತೆಗೆದು, ಶಟರನ್ನು ಸರ್ರನೆ ಎತ್ತುವವರು ಅವರೇ. ಆದರೆ ಕ್ವಿಂಟಲ್ ಹತ್ತಿರದ ಕಬ್ಬಿಣ ಒಬ್ಬನ ಕೈಗೆ ಅಷ್ಟು ಹಗುರಾಗಿ ಹೇಗೆ ಏಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳುವ ಗರಜು ಬೀಳುವುದು ಅದು ಏಳದ ದಿನ. ಆ ದಿನ ಪಿ.ಬಿ. ರೋಡಿನ ವೆಲ್ಡಿಂಗ್ ಶೆಡ್ಡಿಗೆ ಫೋನು ಬರುತ್ತದೆ: "ಲೇ ತಮ್ಮಾ, ಶಟರ್ ಸಿಕ್ಕೊಂಡೈತಿ, ಲಗೂನ ಬಾ. ಹತ್ತ್ ನಿಮಿಷದ ಕೆಲಸ."

ಈ 'ಹತ್ತು ನಿಮಿಷದ ಕೆಲಸ' ಎಂಬ ಮಾತಿನ ಮೇಲೆ ನಮಗೆ ಸಿಟ್ಟಿದೆ. ಆ ಸಿಟ್ಟನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕೇರಿಗಳಿಂದ ಕಾಲೇಜಿಗೆ ಹೋದ ಮೊದಲ ತಲೆಮಾರು. ನಮಗಿಂತ ಮುಂಚೆ ನಮ್ಮ ಮನೆಗಳಲ್ಲಿ ಹೆಬ್ಬೆಟ್ಟು ಇತ್ತು, ಸಹಿ ಇರಲಿಲ್ಲ. ಅಪ್ಪಂದಿರು ಮಾರುಕಟ್ಟೆಯಲ್ಲಿ ಚೀಲ ಹೊತ್ತರು. ಅವ್ವಂದಿರು ಮೆಣಸಿನಕಾಯಿ ತೊಟ್ಟು ಬಿಡಿಸಿ ರಾತ್ರಿಯೆಲ್ಲ ಕೈ ಉರಿಸಿಕೊಂಡರು. ನಾವು ಬಿ.ಎ. ಮುಗಿಸಿ ಕವಿತೆ ಬರೆಯುತ್ತೇವೆ. ಏಳನೆಯ ಇಯತ್ತೆಯವರೆಗೆ ನಮ್ಮ ಜೊತೆ ಒಂದೇ ಸಾಲಿನಲ್ಲಿ ಕೂತ ಕಾಕಾನ ಮಕ್ಕಳು, ಅತ್ತಿಯ ಮಕ್ಕಳು ಈಗ ವೆಲ್ಡಿಂಗ್ ಶೆಡ್ಡಿನಲ್ಲಿದ್ದಾರೆ. ರವಿವಾರ ಬಂತೆಂದರೆ ಅವರ ನಿಚ್ಚಣಿಕೆಯ ಬುಡ ಹಿಡಿಯುವವರು ನಾವು. ಹಿಡಿದು ನಿಂತಾಗ ಮೇಲೆ ನೋಡುವುದು ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ನೋಡಿ ನೋಡಿ ಕಲಿತದ್ದು ಇದು.

ಶಟರಿನ ತಲೆಯ ಮೇಲೆ ತಗಡಿನ ಮುಚ್ಚಳ ಇರುತ್ತದಲ್ಲ, ಅದರೊಳಗೆ ಗೋಡೆಯಿಂದ ಗೋಡೆಗೆ ಒಂದು ಪೈಪು. ಪೈಪಿನ ಎರಡೂ ತುದಿಯನ್ನು ಬ್ರಾಕೆಟ್ಟಿಗೆ ಕ್ಲಾಂಪು ಹಾಕಿ ಬಿಗಿದಿರುತ್ತಾರೆ. ಪೈಪು ತಿರುಗುವುದಿಲ್ಲ. ಪೈಪಿನ ಮೇಲೆ ಪೋಣಿಸಿದ ಗಾಲಿಗಳು ತಿರುಗುತ್ತವೆ, ಆ ಗಾಲಿಗಳಿಗೆ ಶಟರಿನ ಮೇಲಿನ ಪಟ್ಟಿ ಜೋಡಿಸಿದೆ. ಸ್ಪ್ರಿಂಗಿನ ಒಂದು ತುದಿ ಪೈಪಿಗೆ ಕಚ್ಚಿರುತ್ತದೆ, ಇನ್ನೊಂದು ತುದಿ ಗಾಲಿಗೆ. ಶಟರ್ ಕೆಳಗೆ ಎಳೆದ ಹಾಗೆಲ್ಲ ಸ್ಪ್ರಿಂಗ್ ಬಿಗಿಯಾಗುತ್ತ ಹೋಗುತ್ತದೆ. ರಾತ್ರಿ ಬಾಗಿಲು ಮುಚ್ಚಿ ಸಾವಕಾರರು ಮನೆಯಲ್ಲಿ ಮಲಗಿರುವಾಗಲೂ ಆ ಸ್ಪ್ರಿಂಗ್ ಮಲಗಿರುವುದಿಲ್ಲ, ಹಲ್ಲು ಕಚ್ಚಿ ಹಿಡಿದಿರುತ್ತದೆ. ಬೆಳಿಗ್ಗೆ ಶಟರ್ ಎತ್ತುವುದು ಅದರ ಬಲ. ಸಾವಕಾರರ ಕೈ ಬರೀ ಸನ್ನೆ ಮಾಡುತ್ತದೆ.

ಎಷ್ಟು ಬಲ ಎಂದು ಲೆಕ್ಕ ಹಾಕೋಣ. ಒಂದು ಅಂಗಡಿಯ ಶಟರ್ 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ ಅನ್ನಿ. ಏಳೂವರೆ ಚದರ ಮೀಟರಾಯಿತು. 1 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ಶಟರಿನ ತಗಡು 1.25 ಮಿಲಿಮೀಟರ್ ಇದ್ದರೆ ಹತ್ತು ಕಿಲೋದ ಹತ್ತಿರ. ಪಟ್ಟಿಗಳ ಮಡಿಕೆ, ಒಂದಕ್ಕೊಂದು ಸಿಕ್ಕಿಸಿದ ಕೊಕ್ಕೆ, ಕೆಳಗಿನ ದಪ್ಪ ಪಟ್ಟಿ ಎಲ್ಲ ಸೇರಿ ಹನ್ನೆರಡು ಹಿಡಿಯಿರಿ. ಒಟ್ಟು 90 ಕಿಲೋ. ಈ ತೂಕ ನೆಲದಿಂದ ಮೇಲೇರಿ ಸುತ್ತಿಕೊಳ್ಳಬೇಕಾದರೆ, ಸರಾಸರಿ ಸವ್ವಾ ಮೀಟರ್ ಎತ್ತರಕ್ಕೆ 90 ಕಿಲೋ ಎತ್ತಿದ ಹಾಗೆ. 50 ಕಿಲೋದ ಡಿಎಪಿ ಗೊಬ್ಬರದ ಚೀಲವನ್ನು ಏಳು ಅಡಿ ಮೇಲಿಂದ ಒಬ್ಬನ ನೆತ್ತಿಯ ಮೇಲೆ ಬಿಟ್ಟರೆ ಎಷ್ಟು ಪೆಟ್ಟೋ, ಹೆಚ್ಚು ಕಡಿಮೆ ಅಷ್ಟು ಬಲ ಮುಚ್ಚಿದ ಶಟರಿನ ಸ್ಪ್ರಿಂಗುಗಳ ಹೊಟ್ಟೆಯಲ್ಲಿ ಸುತ್ತಿ ಕೂತಿದೆ. ಸಾವಕಾರರೇ, ನೀವು ಹತ್ತು ನಿಮಿಷ ಅನ್ನುವುದು ಇದಕ್ಕೆ.

ಸ್ಪ್ರಿಂಗ್ ಯಾಕೆ ಮುರಿಯುತ್ತದೆ? ಹುಡುಗ ಸರಿಯಾಗಿ ಹಾಕಲಿಲ್ಲ ಎಂದು ಪ್ಯಾಟಿಯಲ್ಲಿ ಹೇಳುತ್ತಾರೆ. ಅದೂ ಇರಬಹುದು. ಆದರೆ ಉಕ್ಕಿಗೂ ದಣಿವಿದೆ. ಒಂದು ಸಲ ಸುತ್ತಿ ಒಂದು ಸಲ ಬಿಚ್ಚಿದರೆ ಒಂದು ಲೆಕ್ಕ. ಅಮೆರಿಕದಲ್ಲಿ ಮನೆಯ ಕಾರು ನಿಲ್ಲಿಸುವ ಕೋಣೆಯ ಬಾಗಿಲಿಗೆ ಹಾಕುವ ಸ್ಪ್ರಿಂಗನ್ನು ಸಾಮಾನ್ಯವಾಗಿ 10,000 ಸಲಕ್ಕೆ ಎಂದು ಮಾಡುತ್ತಾರೆ. ನಮ್ಮ ಅಂಗಡಿಗಳು ಬೆಳಿಗ್ಗೆ ತೆರೆದು ಮಧ್ಯಾಹ್ನ ಊಟಕ್ಕೆ ಮುಚ್ಚಿ, ಸಂಜೆಗೆ ಮತ್ತೆ ತೆರೆಯುತ್ತವೆ. ದಿನಕ್ಕೆ ಎರಡು ಸಲ, ವರ್ಷಕ್ಕೆ ಏಳುನೂರರ ಸುಮಾರು. ಅಂಥ ಒಳ್ಳೆಯ ಸ್ಪ್ರಿಂಗೇ ಹಾಕಿದ್ದರೂ ಹದಿನಾಲ್ಕು ವರ್ಷಕ್ಕೆ ಅದರ ಆಯುಷ್ಯ ತೀರಿತು. ಇಲ್ಲಿ ಅದಕ್ಕೆ ಮುಂಗಾರಿನ ಹಸಿ ಬೇರೆ, ಪ್ಯಾಟಿಯ ಧೂಳು ಬೇರೆ, ಬ್ಯಾಡಗಿಯಲ್ಲಾದರೆ ಮೆಣಸಿನಕಾಯಿ ಪುಡಿ ಬೇರೆ. ತುಕ್ಕು ಹಿಡಿದ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ವರ್ಷಕ್ಕೊಮ್ಮೆ ಮುಚ್ಚಳ ತೆಗೆಸಿ ಒಂದು ಡಬ್ಬಿ ಗ್ರೀಸು ಹಚ್ಚಿಸಿದ ಅಂಗಡಿ ನಮ್ಮ ಮೂರು ಊರಲ್ಲಿ ಎಷ್ಟಿವೆ? ದೀಪಾವಳಿಗೆ ಶಟರಿನ ಮೇಲೆ ಶುಭ ಲಾಭ ಬರೆಸುತ್ತಾರೆ. ಬಣ್ಣ ಕಾಣುತ್ತದೆ, ಗ್ರೀಸು ಕಾಣುವುದಿಲ್ಲ.

ಒಂದು ಸ್ಪ್ರಿಂಗ್ ಮುರಿದಾಗ ಉಳಿದವು ಸತ್ತಿರುವುದಿಲ್ಲ. ಇದು ಎಲ್ಲಕ್ಕಿಂತ ಮೋಸದ ಸಂಗತಿ. ಪೈಪಿನ ಮೇಲೆ ಮೂರೋ ನಾಕೋ ಸ್ಪ್ರಿಂಗ್ ಇರುತ್ತವೆ. ಒಂದರ ಭಾರ ಉಳಿದವುಗಳ ಮೇಲೆ ಬಿದ್ದಿರುತ್ತದೆ, ಅವು ಇನ್ನೂ ಬಿಗಿದುಕೊಂಡಿರುತ್ತವೆ. ಶಟರ್ ಓರೆಯಾಗಿ ಒಂದು ಬದಿ ಸಿಕ್ಕಿಕೊಂಡು ನಿಲ್ಲುತ್ತದೆ. ನೋಡುವವರಿಗೆ ಅದು ನಿಂತ ಹಾಗೆ ಕಾಣುತ್ತದೆ. ಹೊಸ ಹುಡುಗ ಏಣಿ ಹತ್ತಿ ಬ್ರಾಕೆಟ್ಟಿನ ಬೋಲ್ಟಿಗೆ ಪಾನಾ ಹಾಕಿ ತಿರುವಿದನೋ, ಪೈಪು ತಾನಾಗಿ ಗಿರ್ರನೆ ತಿರುಗುತ್ತದೆ. ಪೈಪಿಗೆ ಹಾಕಿದ ಪಾನಾ ಬಡಿಗೆಯ ಹಾಗೆ ಬೀಸುತ್ತದೆ. ಮಣಿಕಟ್ಟಿಗೆ ಬಿದ್ದರೆ ಮಣಿಕಟ್ಟು, ದವಡೆಗೆ ಬಿದ್ದರೆ ದವಡೆ. ಕೆಳಗೆ ನಿಂತವನ ಮೇಲೆ ಶಟರ್ ಇಳಿದರೆ ಹೇಳುವುದೇ ಬೇಡ.

ಹಾಗಾದರೆ ಸರಿಯಾದ ರೀತಿ ಯಾವುದು? ಗುಟ್ಟೇನಿಲ್ಲ. ಹಳೆಯ ಮಿಸ್ತ್ರಿಗಳಿಗೆಲ್ಲ ಗೊತ್ತು. ಮೊದಲು ಅಂಗಡಿಯ ಮುಂದಿನ ಜನರನ್ನು ದೂರ ಸರಿಸಬೇಕು. ಶಟರ್ ಅರ್ಧಕ್ಕೆ ನಿಂತಿದ್ದರೆ ಅದರ ಕೆಳಗೆ ಎರಡೂ ಬದಿ ಗಟ್ಟಿ ಕಟ್ಟಿಗೆಯ ಆಸರೆ ಕೊಡಬೇಕು, ಮನುಷ್ಯನ ಹೆಗಲು ಆಸರೆಯಲ್ಲ. ಆಮೇಲೆ ಮೂರು ನಾಕು ಮಂದಿ ಸೇರಿ ಅದನ್ನು ಪೂರಾ ಮೇಲಕ್ಕೆ ಎತ್ತಿ ಸುತ್ತಿಸಬೇಕು. ಶಟರ್ ಪೂರಾ ಮೇಲಿದ್ದಾಗ ಸ್ಪ್ರಿಂಗಿನ ಬಿಗಿ ಕಡಿಮೆ ಇರುತ್ತದೆ. ಕಡಿಮೆ ಅಂದೆವು, ಇಲ್ಲ ಅನ್ನಲಿಲ್ಲ. ಹಾಕುವಾಗಲೇ ಒಂದಿಷ್ಟು ಸುತ್ತು ಬಿಗಿದಿಟ್ಟಿರುತ್ತಾರೆ, ಅದು ಉಳಿದೇ ಇರುತ್ತದೆ. ಸುತ್ತಿದ ಶಟರನ್ನು ಎರಡು ಕಡೆ ದಪ್ಪ ಹಗ್ಗದಿಂದ ಬಿಚ್ಚಿಕೊಳ್ಳದಂತೆ ಕಟ್ಟಬೇಕು. ಕಟ್ಟುವವರೆಗೆ ಯಾವ ಬೋಲ್ಟಿಗೂ ಕೈ ಹಚ್ಚಬಾರದು. ಕಟ್ಟಿದ ಮೇಲೆ ಒಬ್ಬ ಉದ್ದ ಹಿಡಿಕೆಯ ಪೈಪ್ ಪಾನಾ ಹಾಕಿ ಪೈಪಿನ ಬಲವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು, ಮುಖ ಆ ಪಾನಾ ಬೀಸುವ ದಾರಿಯಲ್ಲಿ ಇರಬಾರದು. ಇನ್ನೊಬ್ಬ ಕ್ಲಾಂಪಿನ ಬೋಲ್ಟನ್ನು ನಿಧಾನ ಸಡಿಲ ಮಾಡಬೇಕು. ಕಾಲು ಸುತ್ತು ಬಿಟ್ಟು ಮತ್ತೆ ಬಿಗಿ. ಪಾನಾ ತೆಗೆದು ಮತ್ತೆ ಹಾಕು. ಮತ್ತೆ ಕಾಲು ಸುತ್ತು. ಎಷ್ಟು ಸುತ್ತು ಬಿಟ್ಟೆವು ಎಂದು ಗಟ್ಟಿಯಾಗಿ ಎಣಿಸಬೇಕು, ಹೊಸ ಸ್ಪ್ರಿಂಗ್ ಹಾಕಿ ತಿರುಗಿ ಬಿಗಿಯುವಾಗ ಆ ಲೆಕ್ಕ ಬೇಕಾಗುತ್ತದೆ. ಪೈಪು ಕೈಗೆ ಸಡಿಲವಾಗಿ ಬಂದ ಮೇಲೆಯೇ ಅದನ್ನು ಇಳಿಸಬೇಕು. ಮುರಿದ ಒಂದನ್ನೇ ಬದಲಿಸಿ ಹಳೆಯ ಮೂರನ್ನು ಹಾಗೇ ಬಿಟ್ಟರೆ ಉಳಿದವು ವರ್ಷದೊಳಗೆ ಒಂದೊಂದಾಗಿ ಅದೇ ದಾರಿ ಹಿಡಿಯುತ್ತವೆ. ಮುರಿದ ಸ್ಪ್ರಿಂಗನ್ನು ವೆಲ್ಡ್ ಮಾಡಿ ಮತ್ತೆ ಹಾಕುವುದಂತೂ ಪಾಪದ ಕೆಲಸ. ಬೆಂಕಿ ತಾಗಿದ ಕಡೆ ಉಕ್ಕಿನ ಹದ ಹೋಗುತ್ತದೆ. ಅದು ಮತ್ತೆ ಮುರಿಯುವುದು ಖಂಡಿತ, ಯಾರ ತಲೆಯ ಮೇಲೆ ಎಂಬುದಷ್ಟೇ ಪ್ರಶ್ನೆ.

ಇಷ್ಟಕ್ಕೆ ಏನು ಬೇಕು? ಕೆಲಸ ಬಲ್ಲ ಇನ್ನೊಬ್ಬ ಆಳು. ಎರಡು ಹಗ್ಗ, ಎರಡು ಕಟ್ಟಿಗೆ. ಕಣ್ಣಿಗೊಂದು ಕನ್ನಡಕ, ಕೈಗೆ ಚೀಲ. ಅರ್ಧ ದಿನದ ಹೊತ್ತು. ಅಡತಿ ಅಂಗಡಿಯ ಒಂದು ದಿನದ ಚಹಾದ ಖರ್ಚಿನ ಜೊತೆ ತೂಗಿದರೂ ಇದು ದೊಡ್ಡದಲ್ಲ. ಆದರೂ ಯಾವಾಗಲೂ ಜಗಳ ಆಗುವುದು ಇಲ್ಲೇ.

"ಸಾವಕಾರ್ರ, ಇನ್ನೊಬ್ಬಾಂವ ಬೇಕ್ರಿ. ಒಬ್ಬನ ಕೈಲೆ ಆಗೂದಿಲ್ಲ."

"ಇನ್ನೊಬ್ಬಾಂವಗ ಯಾಕೋ ಕೂಲಿ? ನಮ್ಮ ಅಂಗಡಿ ಹುಡುಗ ಅದಾನಲ್ಲ, ಹಿಡಕೊಂತಾನ."

"ಮಧ್ಯಾಹ್ನದ ಮ್ಯಾಲೆ ಮಾಡೂನ್ರಿ, ಗಿರಾಕಿ ಕಡಿಮಿ ಆಗ್ಲಿ."

"ಏ, ವ್ಯಾಪಾರದ ಹೊತ್ತು ಇದು. ಅಡ್ಡ ಮಾತಾಡಬ್ಯಾಡ, ಹತ್ತು."

ಅಂಗಡಿಯ ಹುಡುಗನಿಗೆ ಸ್ಪ್ರಿಂಗ್ ಎಂದರೆ ಏನೆಂದು ಗೊತ್ತಿಲ್ಲ. ಅವನು ಶಟರಿನ ಕೆಳಗೆ ಹೆಗಲು ಕೊಟ್ಟು ನಿಲ್ಲುತ್ತಾನೆ, ಮೇಲೆ ನಮ್ಮವನು ಬೋಲ್ಟು ಬಿಚ್ಚುತ್ತಾನೆ. ಒಬ್ಬನ ಕೂಲಿ ಉಳಿಸಲಿಕ್ಕೆ ಇಬ್ಬರ ತಲೆ ಒತ್ತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರ. ಫೆಬ್ರುವರಿ ಮಾರ್ಚಿನಲ್ಲಿ ಒಂದೊಂದು ದಿನ ಲಕ್ಷಕ್ಕೂ ಮೀರಿ ಚೀಲ ಬರುತ್ತವೆ. ಗೋದಾಮಿನ ಶಟರ್ ಸಿಕ್ಕಿಕೊಳ್ಳುವುದು ಸೋಮವಾರ ಬೆಳಿಗ್ಗೆಯೇ, ಯಾಕೆಂದರೆ ಶನಿವಾರದಿಂದಲೇ ಅದು ಕಿರುಗುಟ್ಟಿ ಹೇಳಿದ್ದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ. ಮಂಗಳವಾರ ಮಾಡಿದರೆ ಯಾರ ಗಂಟು ಹೋಗುತ್ತದೆ? ಒಂದು ದಿನ ಇನ್ನೊಂದು ಬಾಗಿಲಿನಿಂದ ಚೀಲ ಸಾಗಿಸಲಿಕ್ಕೆ ಬರುವುದಿಲ್ಲವೇ? ಬರುತ್ತದೆ. ಆದರೆ ಅದಕ್ಕೆ ಹಮಾಲರಿಗೆ ಹೆಚ್ಚಿನ ಕೂಲಿ ಕೊಡಬೇಕಾಗುತ್ತದೆ. ಹುಡುಗನನ್ನು ಏಣಿ ಹತ್ತಿಸುವುದು ಅದಕ್ಕಿಂತ ಅಗ್ಗ.

ಅಗ್ಗ ಯಾಕಾಯಿತು ಎಂದು ಕೇಳಿದರೆ ನಮ್ಮನ್ನು ಜಾತಿಯ ಮಾತು ತೆಗೆಯುವವರು ಎನ್ನುತ್ತಾರೆ. ತೆಗೆಯುತ್ತೇವೆ. ನಾವು ಕಂಡ ಶೆಡ್ಡುಗಳಲ್ಲಿ ನಿಚ್ಚಣಿಕೆ ಹತ್ತುವವರು ಕೇರಿಯ ಹುಡುಗರು, ಮುಸಲ್ಮಾನರ ಹುಡುಗರು, ಕುಲುಮೆ ಆರಿಹೋದ ಕಮ್ಮಾರರ ಹುಡುಗರು. ಅಡತಿಯ ಗಾದಿಯ ಮೇಲೆ ಕೂತವರ ಮಕ್ಕಳು ಒಬ್ಬರಾದರೂ ಪೈಪ್ ಪಾನಾ ಹಿಡಿದದ್ದನ್ನು ನಾವು ನೋಡಿಲ್ಲ. ಅಂಗಡಿಗಳಿಗೆ ಶಟರ್ ಬರುವ ಮೊದಲು ಹಲಗಿ ಬಾಗಿಲು ಇದ್ದವು. ಒಂದೊಂದು ಹಲಗೆಗೂ ಅಂಕಿ ಬರೆದು, ಗಾಡಿಯಲ್ಲಿ ಸರಿಸಿ ನಿಲ್ಲಿಸುತ್ತಿದ್ದರು. ಆ ಹಲಗೆಗಳ ಮುಂದೆ ನಮ್ಮ ಅಜ್ಜ ಅಜ್ಜಿ ಮೆಟ್ಟಿಲ ಕೆಳಗೆ ನಿಂತರು. ದುಡ್ಡು ಕಟ್ಟೆಯ ಮೇಲಿಟ್ಟು ಸೆರಗೊಡ್ಡಿದರು, ಮೇಲಿಂದ ಉಪ್ಪು ಬಿತ್ತು, ಬೆಲ್ಲ ಬಿತ್ತು. ಈಗ ಅದೇ ಅಂಗಡಿಯ ನೆತ್ತಿಯ ಮೇಲೆ ಮೊಮ್ಮಗ ಹತ್ತಿ ಕೂತಿದ್ದಾನೆ. ಇದನ್ನು ಪ್ರಗತಿ ಎನ್ನುವವರಿದ್ದಾರೆ. ಹತ್ತಿಸಿದವರು ಅವನಿಗೆ ಚಹಾ ಕೊಡುವುದು ಇವತ್ತಿಗೂ ಕಾಗದದ ಕಪ್ಪಿನಲ್ಲಿ. ಎಲ್ಲರಿಗೂ ಕಾಗದದ ಕಪ್ಪೇ ಎನ್ನಬೇಡಿ. ಗಾದಿಯ ಮೇಲೆ ಸ್ಟೀಲಿನ ಲೋಟ ಇದ್ದದ್ದನ್ನು ನಾವು ನಿಚ್ಚಣಿಕೆಯ ಬುಡದಿಂದ ನೋಡಿದ್ದೇವೆ.

ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ಉಡುಪಿಯಲ್ಲಿ ಬಾಗಿಲು ತೆರೆಯಲಿಲ್ಲ, ಗೋಡೆ ಬಿರಿದು ಕಿಂಡಿಯಾಯಿತು ಎಂದು ಕಥೆ ಹೇಳುತ್ತಾರೆ. ಕಿಂಡಿಗೆ ಕೈ ಮುಗಿಯುವವರೇ ಹೆಚ್ಚು. ಬಾಗಿಲು ಯಾಕೆ ಮುಚ್ಚಿತ್ತು ಎಂದು ಕೇಳುವವರು ಕಡಿಮೆ.

ಪೆಟ್ಟಾದಾಗ ಏನಾಗುತ್ತದೆ? ಮೊದಲು ಬರುವುದು ಹಣೆಬರಹ. "ಅವನ ಟೈಮ್ ಸರಿ ಇದ್ದಿದ್ದಿಲ್ಲ" ಎನ್ನುತ್ತಾರೆ. ಕೇಳಿ ಕೇಳಿ ನಮ್ಮ ಮನೆಯವರೂ ಅದನ್ನೇ ಹೇಳುತ್ತಾರೆ, ಅದು ಇನ್ನೂ ದೊಡ್ಡ ದುಃಖ. ಹಣೆಬರಹಕ್ಕೆ ಸ್ಪ್ರಿಂಗ್ ಸುತ್ತಲಿಕ್ಕೆ ಬರುತ್ತದೆಯೇ? ಅದನ್ನು ಸುತ್ತಿದ್ದು ಮನುಷ್ಯ, ಬಿಚ್ಚುವ ರೀತಿಯೂ ಮನುಷ್ಯನಿಗೆ ಗೊತ್ತಿದೆ. ಗೊತ್ತಿದ್ದೂ ಅವಸರ ಮಾಡಿಸಿದವನ ಹೆಸರು ಬಚಾವಾಗಲಿ ಎಂದು ದೇವರ ಹೆಸರು ಹೇಳುತ್ತಾರೆ. ಎರಡನೆಯದು ಐದುನೂರರ ನೋಟು. ಸಾವಕಾರರು ಹುಡುಗನ ಕಿಸೆಗೆ ಅದನ್ನು ತುರುಕಿ, "ದವಾಖಾನಿಗೆ ತೋರಿಸ್ಕೊ" ಎಂದು ಶಟರ್ ಎಳೆದುಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಓಣಿಯ ಒಬ್ಬ ಹುಡುಗನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಅವನು ಪಾನಾ ಹಿಡಿಯಲಾರ, ಪೆನ್ನನ್ನೂ ಹಿಡಿಯಲಾರ. ವಯಸ್ಸು ಇಪ್ಪತ್ತೆರಡು. ಆ ಅಂಗಡಿಯ ಶಟರ್ ಮಾತ್ರ ದಿನಾ ಬೆಳಿಗ್ಗೆ ಸರಾಗವಾಗಿ ಏಳುತ್ತದೆ.

ಕಾಯ್ದೆ ಏನನ್ನುತ್ತದೆ ಎಂದು ಓದಿದೆವು. ಡಿಗ್ರಿಗೆ ಅಷ್ಟಾದರೂ ಉಪಯೋಗವಿರಲಿ. ಕೂಲಿಕಾರರ ಪರಿಹಾರದ ಕಾಯ್ದೆ ಈ ದೇಶಕ್ಕೆ ಬಂದದ್ದು 1923ರಲ್ಲಿ. ಆದರೆ ಆ ಕಾಯ್ದೆ ಕೂಲಿಕಾರ ಯಾರು ಎಂದು ಹೇಳುವಾಗಲೇ ಒಬ್ಬನನ್ನು ಹೊರಗೆ ನಿಲ್ಲಿಸಿತ್ತು. ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಕರೆಸಿದವನು, ಮಾಲೀಕನ ವ್ಯಾಪಾರಕ್ಕೆ ಸೇರದ ಕೆಲಸ ಮಾಡುವವನು ಕೂಲಿಕಾರನೇ ಅಲ್ಲ! ಮೆಣಸಿನಕಾಯಿ ಅಂಗಡಿಗೆ ಶಟರ್ ರಿಪೇರಿಗೆ ಬಂದ ಹುಡುಗನ ಚಿತ್ರವನ್ನೇ ನೋಡಿ ಬರೆದ ಹಾಗಿದೆ. ಆ ಮಾತನ್ನು ಕಿತ್ತುಹಾಕಿದ್ದು 2000ನೆಯ ವರ್ಷದ ತಿದ್ದುಪಡಿ. 77 ವರ್ಷ ಬೇಕಾಯಿತು. ಕಿತ್ತ ಮೇಲಾದರೂ ಹಾದಿ ಸುಗಮವಾಯಿತೇ? ಗುತ್ತಿಗೆದಾರನ ಆಳಿಗೆ ಪೆಟ್ಟಾದರೆ ಕೆಲಸ ಕೊಟ್ಟ ಮೂಲ ಮಾಲೀಕ ಹೊಣೆ ಎಂದು ಆ ಕಾಯ್ದೆಯಲ್ಲಿತ್ತು. ಆದರೆ ಆ ಕೆಲಸ ಅವನ ವ್ಯಾಪಾರದ ಭಾಗವಾಗಿರಬೇಕು ಎಂಬ ಕೊಕ್ಕೆಯೂ ಜೊತೆಗಿತ್ತು. ಸಾವಕಾರರು ಸಲೀಸಾಗಿ ಹೇಳುತ್ತಾರೆ: "ನಂದು ಮೆಣಸಿನಕಾಯಿ ವ್ಯಾಪಾರ, ಶಟರಿಂದಲ್ಲ." ಬಾಗಿಲಿಲ್ಲದೆ ವ್ಯಾಪಾರ ಹೇಗೆ ಮಾಡುತ್ತೀರಿ ಎಂದು ಕೇಳಬೇಕೆಂದರೆ ಹಾವೇರಿಗೆ ಹತ್ತು ಸಲ ಅಲೆಯಬೇಕು, ವಕೀಲರ ಫೀಸು ಕೊಡಬೇಕು. ಉಳಿಯುವವನು ಶೆಡ್ಡಿನ ಮಾಲೀಕ. ಅವನೇ ವೆಲ್ಡಿಂಗ್ ಮಷೀನಿನ ಕಂತು ಕಟ್ಟಲಾಗದೆ ಒದ್ದಾಡುತ್ತಿರುತ್ತಾನೆ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳು ಹೋಗಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಪರಿಹಾರದ ಕಾಯ್ದೆ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿತು. ಕೆಲಸದ ಜಾಗದ ಸುರಕ್ಷತೆಗೆಂದೇ ಇನ್ನೊಂದು ಸಂಹಿತೆ ಇದೆ. ಹೆಸರು ಕೇಳಿ ಖುಷಿಯಾಗಿ ತೆರೆದು ನೋಡಿದರೆ, ಸಾಮಾನ್ಯವಾಗಿ ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರು ಇರುವ ಜಾಗಕ್ಕೆ ಅದು. ನಮ್ಮ ಶೆಡ್ಡಿನಲ್ಲಿ ಇರುವುದು ಮಾಲೀಕ, ಇಬ್ಬರು ಹುಡುಗರು, ಒಂದು ನಾಯಿ. ಸುರಕ್ಷಿತರಾಗಬೇಕಾದರೆ ನಾವು ಮೊದಲು ಹತ್ತು ಮಂದಿ ಆಗಬೇಕಂತೆ.

ಕಬ್ಬಿಣಕ್ಕೆ ಮಾತ್ರ ಕಾಯ್ದೆ ಬೇಗ ಸಿಕ್ಕಿತು. ಲೋಹದ ರೋಲಿಂಗ್ ಶಟರ್ ಹೇಗಿರಬೇಕು ಎಂದು ಹೇಳುವ ಭಾರತೀಯ ಮಾನಕ 6248 ಪರಿಷ್ಕಾರಗೊಂಡು ಬಂದದ್ದು 1979ರಲ್ಲಿ. ಪಟ್ಟಿ ಎಷ್ಟು ದಪ್ಪ, ಸ್ಪ್ರಿಂಗಿನ ಉಕ್ಕು ಎಂಥದು ಎಲ್ಲ ಅದರಲ್ಲಿದೆ. ಒಳ್ಳೆಯದೇ. ಅದೇ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಎರಡಕ್ಕೂ ಒಂದೇ ವರ್ಷದ ನಂಟು, ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಖ ನೋಡಿಕೊಳ್ಳಲಿಲ್ಲ. ನಮ್ಮ ಕವಿಗಳು ಬಾಗಿಲು ಒಡೆಯಿರಿ ಎಂದು ಎಷ್ಟು ಬರೆದಿದ್ದಾರೆ! ನಾವೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಬಾಗಿಲು ಒಡೆಯುವ ಕವಿತೆ ಓದುವ ಸಭಾಭವನದ ಶಟರನ್ನು ಅವತ್ತು ಬೆಳಿಗ್ಗೆ ರಿಪೇರಿ ಮಾಡಿದವನು ಹೊರಗೆ ಬೀಡಿ ಸೇದುತ್ತ ನಿಂತಿರುತ್ತಾನೆ. ಅವನಿಗೆ ನಮ್ಮ ಕವಿತೆ ಮುಟ್ಟುವುದಿಲ್ಲ ಎಂದು ನಾವು ಕೊರಗುತ್ತೇವೆ. ಅವನ ಕಾಲು ಸುತ್ತಿನ ಎಣಿಕೆ ನಮ್ಮ ಕವಿತೆಗೆ ಮುಟ್ಟಿಲ್ಲವಲ್ಲ, ಅದಕ್ಕೆ ಕೊರಗುವವರು ಯಾರು? ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹುಟ್ಟು ಹಾಕುವ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲೇ ವಚನ ಹೇಳಿದ. ಕೆಲಸದ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡ. ನಮ್ಮ ಊರಿನ ಶಟರ್ ಮಿಸ್ತ್ರಿಯ ಮಾತನ್ನು ಬರೆದುಕೊಳ್ಳಲಿಕ್ಕೆ ನಾವು ಇನ್ನೆಷ್ಟು ಶತಮಾನ ಕಾಯಬೇಕು?

ಇನ್ನೊಂದು ಸುದ್ದಿ ಎಲ್ಲರಿಗೂ ನೆನಪಿರಬೇಕು. 2023ರ ಆಗಸ್ಟ್ 29ರಂದು ಹಾವೇರಿಯ ಪಕ್ಕದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. ಅಲ್ಲಿ ವೆಲ್ಡಿಂಗ್ ಕೆಲಸ ನಡೆದಿತ್ತು, ಕಿಡಿ ಹಾರಿ ಹೊತ್ತಿತು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಕೂಲಿಕಾರರು ಸುಟ್ಟು ಸತ್ತರು. ಪಟಾಕಿ ತುಂಬಿದ ಗೋದಾಮಿನಲ್ಲಿ ವೆಲ್ಡಿಂಗ್ ಕೂಡದು ಎಂದು ತಿಳಿಯಲಿಕ್ಕೆ ಬಿ.ಎ. ಬೇಕಾಗಿಲ್ಲ. ಮೊದಲು ಮಾಲು ಹೊರಗೆ ಸಾಗಿಸಿ ಆಮೇಲೆ ಕಿಡಿ ಹಾರಿಸಬೇಕು. ಸಾಗಿಸಲಿಕ್ಕೆ ಒಂದು ದಿನ, ಒಂದಿಷ್ಟು ಕೂಲಿ. ಲೆಕ್ಕ ಎಲ್ಲ ಕಡೆ ಒಂದೇ, ನೋಡಿ. ಶಟರಿನಲ್ಲಿ ಬೆರಳು ಹೋಗುತ್ತದೆ, ಗೋದಾಮಿನಲ್ಲಿ ಜೀವ ಹೋಗುತ್ತದೆ, ಉಳಿಯುವುದು ಅದೇ ಅರ್ಧ ದಿನದ ಕೂಲಿ.

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಅಂಥ ದಿನ ವ್ಯಾಪಾರಸ್ಥರು ಮೊದಲು ಹುಡುಕುವುದು ಏನನ್ನು? ಶಟರಿನ ಹಿಡಿಕೆಯನ್ನು. ಗಲ್ಲಾಪೆಟ್ಟಿಗೆ, ಮಾಲು, ಲೆಕ್ಕದ ಪುಸ್ತಕ, ಕೊನೆಗೆ ಅವರ ಜೀವವೂ ಆ ಕಬ್ಬಿಣದ ಹಿಂದೆ ಇರುತ್ತದೆ. ಅಷ್ಟು ಬೆಲೆಯ ಬಾಗಿಲು ಅದು. ಅದನ್ನು ಎತ್ತಿ ಇಳಿಸುವ ಸ್ಪ್ರಿಂಗಿಗೆ ಕೈ ಹಾಕುವವನ ಕೈಗೆ ಒಂದು ಜೊತೆ ಕೈಚೀಲದ ಬೆಲೆಯೂ ಇಲ್ಲ.

ಅಮೆರಿಕದ ಮಾತು ತೆಗೆದೆವಲ್ಲ, ಅದನ್ನೂ ಮುಗಿಸಿಬಿಡೋಣ. ಅಲ್ಲಿ ಕಾರಿನ ಕೋಣೆಯ ಬಾಗಿಲು ಕರೆಂಟಿನಿಂದ ತಾನೇ ಇಳಿಯುವಾಗ ಮಕ್ಕಳು ಅಡಿಯಲ್ಲಿ ಸಿಕ್ಕು ಸತ್ತರು. ಆಮೇಲೆ 1990ರಲ್ಲಿ ಕಾಯ್ದೆ ಬಂತು. 1993ರ ಜನವರಿ 1ರಿಂದ ತಯಾರಾಗುವ ಮನೆಬಾಗಿಲಿನ ಅಂಥ ಯಂತ್ರಗಳು, ಅಡ್ಡ ಏನಾದರೂ ಸಿಕ್ಕರೆ ಬಾಗಿಲನ್ನು ತಾವೇ ಹಿಂದಕ್ಕೆ ಎತ್ತುವ ಹಾಗೆ ಇರಬೇಕಾಯಿತು. ಸ್ಪ್ರಿಂಗಿಗೆ ಮನೆಯವರು ಕೈ ಹಚ್ಚಬೇಡಿ, ಕೆಲಸ ಬಲ್ಲವರನ್ನು ಕರೆಸಿ ಎಂದು ಬಾಗಿಲಿನ ಮೇಲೆ ಎಚ್ಚರಿಕೆಯ ಚೀಟಿ ಇರುತ್ತದೆ. ಅಲ್ಲಿ ನೆಲೆಸಿದ ನಮ್ಮ ಕಡೆಯವರೂ ಆ ಚೀಟಿಗೆ ಹೆದರಿ ಕೈ ಹಿಂದೆಗೆಯುತ್ತಾರೆ, ಬಂದ ಮಿಸ್ತ್ರಿ ಕೇಳಿದಷ್ಟು ಎಣಿಸುತ್ತಾರೆ. ಊರಿಗೆ ಬಂದಾಗ ತಮ್ಮ ಅಪ್ಪನ ಅಂಗಡಿಯ ಶಟರಿಗೆ ಬಂದ ಹುಡುಗನ ಜೊತೆ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಅಮೆರಿಕ ಸ್ವರ್ಗ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಅಲ್ಲಿಯೂ ಕಾಯ್ದೆ ಬಂದದ್ದು ಹೆಣ ಬಿದ್ದ ಮೇಲೆ. ಆದರೆ ಅಲ್ಲಿ ಬಿದ್ದ ಹೆಣವನ್ನು ಎಣಿಸಿದರು.

ಕಳೆದ ತಿಂಗಳು ನಾವು ಒಂದು ಶೆಡ್ಡಿನ ಗೋಡೆಯ ಮೇಲೆ ಸುಣ್ಣ ಬಳಿದು ಕರಿ ಬಣ್ಣದಲ್ಲಿ ಬರೆದೆವು. ಅಕ್ಷರ ನಮ್ಮವು, ಮಾತು ಮಿಸ್ತ್ರಿಯದು: ಶಟರ್ ಕೆಲಸಕ್ಕೆ ಇಬ್ಬರು ಬರುತ್ತಾರೆ, ಇಬ್ಬರಿಗೂ ಕೂಲಿ. ಹಗ್ಗ ಕಟ್ಟುವವರೆಗೆ ಬೋಲ್ಟು ಬಿಚ್ಚುವುದಿಲ್ಲ. ಸ್ಪ್ರಿಂಗಿಗೆ ವೆಲ್ಡಿಂಗ್ ಇಲ್ಲ. ಮಾರುಕಟ್ಟೆಯ ದಿನ ಬೆಳಿಗ್ಗೆ ರಿಪೇರಿ ಇಲ್ಲ. ಪೆಟ್ಟಾದರೆ ದವಾಖಾನೆಯ ಖರ್ಚು ಕೆಲಸ ಕೊಟ್ಟವರದು.

ಒಬ್ಬ ಸಾವಕಾರರು ಬಂದು ಓದಿದರು. "ಇದೇನು ಶೆಡ್ಡೋ, ಸಂಘದ ಆಫೀಸೋ?" ಎಂದು ನಕ್ಕು ಗಾಡಿ ತಿರುಗಿಸಿಕೊಂಡು ಹೋದರು. ಮುಂದಿನ ಶೆಡ್ಡಿನಲ್ಲಿ ಗೋಡೆಯ ಮೇಲೆ ಏನೂ ಬರೆದಿರಲಿಲ್ಲ. ಅಲ್ಲಿಯ ಹುಡುಗ ಒಬ್ಬನೇ ನಿಚ್ಚಣಿಕೆ ಹೊತ್ತು ಅವರ ಹಿಂದೆ ಹೋದ. ಅವನಿಗೆ ಏನೂ ಆಗಲಿಲ್ಲ, ಸಂಜೆ ತಿರುಗಿ ಬಂದ, ನಮ್ಮನ್ನು ನೋಡಿ ತಲೆ ತಗ್ಗಿಸಿದ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನ ಮನೆಯಲ್ಲಿ ಅವತ್ತು ರೊಟ್ಟಿಗೆ ಹಿಟ್ಟು ಬೇಕಾಗಿತ್ತು. ಆದರೆ ಒಂದು ಶೆಡ್ಡಿನ ಗೋಡೆಯಿಂದ ಕೆಲಸವಾಗುವುದಿಲ್ಲ ಎಂಬುದು ಅವತ್ತೇ ಕಣ್ಣಿಗೆ ಬಿತ್ತು. ಹಾವೇರಿಯಲ್ಲಿ ಬರೆದದ್ದನ್ನು ರಾಣೇಬೆನ್ನೂರಿನಲ್ಲಿ ಬರೆಯದಿದ್ದರೆ ಸಾವಕಾರರು ರಾಣೇಬೆನ್ನೂರಿಗೆ ಫೋನು ಮಾಡುತ್ತಾರೆ. ಮೂರೂ ಊರಿನ ಶೆಡ್ಡುಗಳ ಗೋಡೆ ಒಂದೇ ಮಾತು ಹೇಳಿದರೆ ಅವರು ಎಲ್ಲಿಗೆ ಫೋನು ಮಾಡುತ್ತಾರೆ, ಹುಬ್ಬಳ್ಳಿಗೇ? ಅಲ್ಲಿಂದ ಬರುವವನ ಗಾಡಿಖರ್ಚು ಕೊಡಲಿಕ್ಕಿಂತ ಇಲ್ಲಿಯ ಇನ್ನೊಬ್ಬನ ಕೂಲಿ ಕೊಡುವುದು ಅಗ್ಗವಾಗುತ್ತದೆ. ಅವರ ಲೆಕ್ಕದಲ್ಲೇ ಅವರನ್ನು ಹಿಡಿಯೋಣ.

ಮುಂದಿನ ರವಿವಾರ ಮಧ್ಯಾಹ್ನ ಮೂರೂ ಊರಿನ ಶೆಡ್ಡಿನವರು ಕೂಡುತ್ತೇವೆ. ತಲೆ ತಗ್ಗಿಸಿದ ಹುಡುಗನಿಗೆ ನಾವೇ ಹೋಗಿ ಹೇಳಿ ಬಂದಿದ್ದೇವೆ. ಹಳೆಯ ಮಿಸ್ತ್ರಿಗಳು ಬಂದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತೇವೆ, ತಿದ್ದುವುದಿಲ್ಲ. ಬರುವಾಗ ನಿಮ್ಮ ನಿಮ್ಮ ಹಗ್ಗ ತೊಗೊಂಡು ಬರ್ರಿ. ಯಾವುದು ಗಟ್ಟಿ, ಯಾವುದು ಜೀರ್ಣ ಆಗೇದ ಅಂತ ಅಲ್ಲೇ ಎಳೆದು ನೋಡೋಣ.